ಖಾಲಿ ಚೌಕದ ಸುಲೋಚನಾ ಮೇಡಂ

ಭಾನುವಾರ ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನಲ್ಲಿ ತುಮಕೂರು ಕಡೆಯ ಬಸ್ಸು ನಿಂತರೆ, ಮೊದಲು ಒಳಗೆ ನುಗ್ಗುತ್ತಿದ್ದುದು ಒಂದು ಅಲ್ಯೂಮಿನಿಯಂ ಚೌಕ. ಅದರ ಹಿಂದೆ ಸುಲೋಚನಾ ಮೇಡಂ. ಗಾಜಿಲ್ಲದ ಕಿಟಕಿಯಂತಿದ್ದ ಆ ಚೌಕವನ್ನು ಹೆಗಲಿಗೆ ನೇತುಹಾಕಿಕೊಂಡು, ನೂಲಿನ ಸೀರೆಯ ಕೆಳಗೆ ಗಂಡನ ಹಳೆಯ ಕಾರ್ಖಾನೆ ಬೂಟು ತೊಟ್ಟುಕೊಂಡು ಅವರು ಹತ್ತಿದರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು.

“ಏನ್ ಮೇಡಂ, ಮನೆ ಕಿಟಕಿ ಕಿತ್ಕೊಂಡ್ ಬಂದ್ಬಿಟ್ರಾ?” ಎಂದು ಕಂಡಕ್ಟರ್ ಕೇಳುತ್ತಿದ್ದ.

“ಹೂಂ ಕಣಪ್ಪ, ಬೆಟ್ಟಕ್ಕೆ ಹಾಕ್ಬೇಕು” ಎನ್ನುತ್ತಿದ್ದರು ಮೇಡಂ.

ಸೀಟು ಖಾಲಿ ಇದ್ದರೂ ಕೂರುವ ಹೆಂಗಸಲ್ಲ. ನೆಲಮಂಗಲ ದಾಟುವವರೆಗೂ ಕಂಬಿ ಹಿಡಿದು ನಿಂತೇ ಬರುತ್ತಿದ್ದರು. ಅವರು ನಿಂತಿರುವಾಗ ತಾನು ಹೇಗೆ ಕೂರುವುದೆಂದು ನಾಚಿಕೊಂಡು, ಅರೆನಿದ್ದೆಯಲ್ಲಿ ಪಕ್ಕದ ಕಂಬಿಗೆ ಜೋತುಬಿದ್ದಿರುತ್ತಿದ್ದವನು ನಾನು.

ನಾವಿಬ್ಬರೂ ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯ ಕಾಲೊನಿ ಶಾಲೆಯಲ್ಲಿ ಮೇಷ್ಟ್ರುಗಳು. ನಾನು ಕನ್ನಡ, ಅವರು ಜೀವಶಾಸ್ತ್ರ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಾಲೊನಿಯಲ್ಲಿ ಆಗ ಎಲ್ಲವೂ ಸೈರನ್ನಿನ ಪ್ರಕಾರ ನಡೆಯುತ್ತಿತ್ತು. ಅದು ಕೂಗಿದರೆ ಏಳುವುದು, ಕೂಗಿದರೆ ಉಣ್ಣುವುದು. ನನ್ನಂಥ ಸೋಮಾರಿಗೆ ಅದಕ್ಕಿಂತ ಹಿತವಾದ ಊರಿಲ್ಲ. ಸೈರನ್ ಕೂಗದ ಭಾನುವಾರ ಮಧ್ಯಾಹ್ನ ಹುಳಿ-ಅನ್ನ ಉಂಡು ಮಲಗಿದರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದೆ. ಆ ನಿದ್ದೆ ನನ್ನ ಇಡೀ ವಾರದ ಸಂಬಳ ಎಂದೇ ತಿಳಿದಿದ್ದೆ.

ಸುಲೋಚನಾ ಮೇಡಂಗೆ ನಿದ್ದೆಯ ಮೇಲೂ ಕುರ್ಚಿಯ ಮೇಲೂ ಒಂದೇ ಬಗೆಯ ಸಿಟ್ಟು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಮೇಲೆ ಕಳ್ಳಿಯ ಕುಂಡವೊಂದಿತ್ತು. ಉತ್ತರಪತ್ರಿಕೆಗಳನ್ನು ಓಡಾಡುತ್ತ ತಿದ್ದುವರು. ಡಬ್ಬಿಯ ಊಟವನ್ನು ಕಿಟಕಿಯ ಬಳಿ ನಿಂತು, ನಾಲ್ಕು ತುತ್ತಿನಲ್ಲಿ ಮುಗಿಸಿ, ಕೈ ತೊಳೆದವರೇ ಶಾಲೆಯ ತಾರಸಿ ಹತ್ತುವರು. ಅಲ್ಲಿಂದ ಪಶ್ಚಿಮಕ್ಕೆ, ಪೀಣ್ಯದ ಶೆಡ್ಡುಗಳಾಚೆ, ನೀಲಿ ಗೀರಿನಂತೆ ಒಂದು ಬೆಟ್ಟ ಕಾಣುತ್ತಿತ್ತು. ಅದನ್ನು ನೋಡಿ ಇಳಿದು ಬಂದು, “ಇವತ್ತು ಕಾಣ್ತು” ಎಂದೋ “ಇವತ್ತು ಹೊಗೆ” ಎಂದೋ ಹೇಳದಿದ್ದರೆ ಅವರಿಗೆ ಮಧ್ಯಾಹ್ನದ ಪಾಠ ಸಾಗುತ್ತಿರಲಿಲ್ಲ.

“ಒಂದ್ನಿಮಿಷ ಕೂತ್ಕೊಳ್ರೀ ಮೇಡಂ, ನಿಮ್ಮನ್ನ ನೋಡಿದ್ರೆ ನನಗೇ ಕಾಲು ನೋವು ಬರುತ್ತೆ” ಎಂದು ನಾನೊಮ್ಮೆ ಗೊಣಗಿದೆ.

“ಕೂತ್ರೆ ತಲೆನೂ ಕೂತ್ಬಿಡುತ್ತೆ ಪಂಡಿತರೇ” ಎಂದರು ಅವರು. ಕನ್ನಡ ಮೇಷ್ಟ್ರು ಎಂಬ ಕಾರಣಕ್ಕೆ ನನ್ನನ್ನು ಪಂಡಿತರೇ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ಕೊನೆಯವರೆಗೂ ನನಗೆ ಗೊತ್ತಾಗಲಿಲ್ಲ.

ಅವರು ಚಿತ್ರದುರ್ಗದ ಕಡೆಯವರು. ಬಂಡೆಗಳ ನಡುವೆ ಬೆಳೆದ ಹುಡುಗಿ, ಮದುವೆಯಾಗಿ ಬಂದು ಈ ಸಪಾಟು ಕಾಲೊನಿಯ ಸಾಲುಮನೆಯೊಂದರಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಗಂಡ ಮೂರ್ತಿಯವರು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ತಯಾರಾದ ಬಿಡಿಭಾಗಗಳನ್ನು ಗೇಜ್ ಇಟ್ಟು ಅಳೆದು ಪಾಸು, ಇಲ್ಲವೇ ರಿಜೆಕ್ಟ್ ಎನ್ನುವ ಕೆಲಸ. ಮಾತು ಕಡಿಮೆ. ಹೆಂಡತಿಯ ಓಡಾಟವನ್ನು ಮಳೆಬಿಸಿಲಿನಂತೆ ಒಪ್ಪಿಕೊಂಡಿದ್ದ ಮನುಷ್ಯ. ಆ ಚೌಕವನ್ನು ಗುಜರಿ ಪೈಪಿನಿಂದ ಮಾಡಿಕೊಟ್ಟವರು ಅವರೇ. ಅದನ್ನು ಹೊರಗೆ ಒಯ್ಯಲು ಗೇಟಿನ ಸೆಕ್ಯುರಿಟಿಯವನು ತಕರಾರು ಮಾಡಿದನಂತೆ. ಚೌಕದ ಒಳಗೆ ಕೈಯಾಡಿಸಿ, “ಇದರೊಳಗಿದ್ದಿದ್ದು ಎಲ್ಲೋಯ್ತು ಸಾರ್?” ಎಂದು ಕೇಳಿ, ಕೊನೆಗೆ ಗೇಟ್ ಪಾಸಿನಲ್ಲಿ ‘ಖಾಲಿ ಚೌಕ’ ಎಂದು ಬರೆಸಿಕೊಂಡು ಬಿಟ್ಟನಂತೆ.

ನಾನು ಈ ಉಸಾಬರಿಗೆ ಸಿಕ್ಕಿದ್ದು ನನ್ನ ಬಾಯಿಚಪಲದಿಂದ. ಗಿಡಗಳ ಕನ್ನಡ ಹೆಸರುಗಳ ಬಗ್ಗೆ ಏನೋ ದೊಡ್ಡದಾಗಿ ಮಾತಾಡಿದ್ದೆ. ಮೇಡಂ ಅಲ್ಲೇ ಹಿಡಿದರು. “ಲ್ಯಾಟಿನ್ ಹೆಸರು ನಾನ್ ನೋಡ್ಕೋತೀನಿ. ಊರಿನ ಹೆಸರು ಬರ್ಕೊಳ್ಳೋಕೆ ನೀವ್ ಬನ್ನಿ. ಭಾನುವಾರ ಏನ್ ಮಾಡ್ತೀರಾ ನೀವು?” ಮಲಗುತ್ತೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಬೆಟ್ಟಕ್ಕೆ ಸುತ್ತಲಿನವರು ದೊಣೆಬೆಟ್ಟ ಎನ್ನುತ್ತಿದ್ದರು. ನೆತ್ತಿಯ ಹತ್ತಿರ ಬಂಡೆಯಲ್ಲಿ ತಾನಾಗಿ ಆದ ಒಂದು ಹೊಂಡ, ಅದೇ ದೊಣೆ. ಬೇಸಿಗೆಯಲ್ಲೂ ಅದರ ನೀರು ಬತ್ತುತ್ತಿರಲಿಲ್ಲ. ಬುಡದಲ್ಲಿ ಕಗ್ಗಲಿ, ಬಂದರೆ ಗಿಡ, ಸೀತಾಫಲದ ಕುರುಚಲು. ಮಧ್ಯದಲ್ಲಿ ಒಂದು ಕೊರಕಲು, ಅದರೊಳಗೆ ಜಾಲಾರಿ, ನೇರಳೆ ಮರಗಳ ನೆರಳು. ಅದರ ಮೇಲೆ ನೆತ್ತಿಯವರೆಗೂ ಬರೀ ಬಾದೆ ಹುಲ್ಲು. ಮೇಡಂಗೆ ಬೇಕಾಗಿದ್ದುದು ಈ ಮೂರರ ನಡುವಿನ ಸಂಬಂಧ. ಮೇಲಿನದು ಕೆಳಗಿನದಕ್ಕೆ ಏನು ಕೊಡುತ್ತದೆ, ನಾವು ಎಷ್ಟು ತೆಗೆದರೆ ಬೆಟ್ಟಕ್ಕೆ ನೋವಾಗುವುದಿಲ್ಲ ಎಂಬುದು. ಯಾವ ಪದವಿಗೂ ಅಲ್ಲ, ಯಾರು ಕೇಳಿದ್ದಕ್ಕೂ ಅಲ್ಲ. ತಿಳಿಯದೆ ಅವರಿಗೆ ಇರಲಾಗುತ್ತಿರಲಿಲ್ಲ, ಅಷ್ಟೆ.

ಮೊದಲ ದಿನ ಚೌಕವನ್ನು ನನ್ನ ಕೈಗೆ ಕೊಟ್ಟು, “ಎಲ್ಲಾದ್ರೂ ಹಾಕಿ, ಒಳಗೆ ಏನೇನಿದೆ ಎಣಿಸೋಣ” ಎಂದರು. ನಾನು ಹೂ ಬಿಟ್ಟಿದ್ದ ಒಳ್ಳೆಯ ಜಾಗ ನೋಡಿ, ಮದುವೆಮನೆಯಲ್ಲಿ ಎಲೆ ಹಾಕುವವನಂತೆ ನಯವಾಗಿ ಇಟ್ಟೆ. ಮೇಡಂ ಕೆರಳಿದರು.

“ಚೆಂದ ಕಂಡಿದ್ದನ್ನ ಎಣಿಸೋಕೆ ನಾವೇನ್ ಹೆಣ್ಣು ನೋಡೋಕ್ ಬಂದಿದೀವಾ? ಕಣ್ಮುಚ್ಚಿ ಬೆನ್ನ ಹಿಂದಕ್ಕೆ ಎಸೀರಿ. ಬಿದ್ದ ಕಡೆ ಎಣಿಸ್ಬೇಕು.”

ಎಸೆದೆ. ಠಣ್ ಎಂದು ಬೋಳು ಬಂಡೆಯ ಮೇಲೆ ಬಿತ್ತು. ಇಣುಕಿ ನೋಡಿ, “ಏನೂ ಇಲ್ಲ ಮೇಡಂ” ಎಂದೆ, ಒಳಗೊಳಗೆ ಖುಷಿಯಾಗಿ.

“ನಿಂತ್ಕೊಂಡ್ ನೋಡೋರಿಗೆ ಯಾವಾಗ್ಲೂ ಏನೂ ಇರಲ್ಲ. ಮೊಣಕಾಲೂರಿ.”

ಊರಿದೆ. ಬಂಡೆಯ ಬಿರುಕಿನಲ್ಲಿ ಪಾಚಿ, ಪಾಚಿಯ ಮೇಲೆ ಗುಂಡುಸೂಜಿಯ ತಲೆಯಷ್ಟು ಕೆಂಪು ಎಲೆಯ ಗಿಡ, ಎಲೆಯ ಅಂಟಿನಲ್ಲಿ ಸಿಕ್ಕಿದ ಒಂದು ನುಸಿ. ಗಿಡ ನುಸಿಯನ್ನು ತಿನ್ನುತ್ತಿತ್ತು. ಅಷ್ಟು ಹೊತ್ತಿಗೆ ಮೇಡಂ ಕೂಡ ನನ್ನ ಎದುರು ಮಂಡಿಯೂರಿದ್ದರು. ಒಂದೇ ಕಡೆ, ಅಲುಗಾಡದೆ, ಉಸಿರು ಹಿಡಿದು. ಕುರ್ಚಿ ಕಂಡರೆ ಆಗದ ಆ ಹೆಂಗಸು ನಿಶ್ಚಲವಾಗಿ ಇರುತ್ತಿದ್ದುದು ಆ ಚೌಕದ ಅಂಚಿನಲ್ಲಿ ಮಾತ್ರ. ನನಗೆ ಅವರ ಮೇಲೆ ಅಕ್ಕರೆ ಹುಟ್ಟಿದ್ದು ಆ ಬಂಡೆಯ ಮೇಲೆ.

ಬೆಟ್ಟದ ಬುಡದ ಹಳ್ಳಿಯಲ್ಲಿ ಚಿಕ್ಕಹನುಮಯ್ಯ ಎಂಬ ಕುರಿಗಾಹಿ ಯಜಮಾನರಿದ್ದರು. ಅವರ ತಾತನ ಕಾಲದಿಂದ ಅಲ್ಲೊಂದು ಪದ್ಧತಿ. ಬೆಟ್ಟವನ್ನು ಮಗ್ಗಲುಗಳಾಗಿ ಮಾಡಿಕೊಂಡು, ವರ್ಷಕ್ಕೊಂದು ಮಗ್ಗಲಿಗೆ ಕುರಿ ಬಿಡುತ್ತಿರಲಿಲ್ಲ, ಸೂರಿಗೆ ಹುಲ್ಲು ಕೊಯ್ಯುತ್ತಿರಲಿಲ್ಲ. ಬೇಲಿಯಿಲ್ಲ, ಕಾವಲಿಲ್ಲ. ಆ ಮಗ್ಗಲಿನ ಬುಡದ ಕಲ್ಲೊಂದಕ್ಕೆ ಸುಣ್ಣ ಬಳಿದರೆ ಮುಗಿಯಿತು. ಆದರೆ ನಾವು ಹೋಗುವ ಹೊತ್ತಿಗೆ ಸುಣ್ಣ ಮಾಸಿತ್ತು. ಮನೆಗಳಿಗೆ ಹೆಂಚು ಬಂದಿತ್ತು, ಗಂಡುಮಕ್ಕಳೆಲ್ಲ ಪೀಣ್ಯದ ವರ್ಕ್‌ಶಾಪುಗಳಿಗೆ ಸೈಕಲ್ಲು, ಬಸ್ಸು ಹಿಡಿಯುತ್ತಿದ್ದರು.

“ಸುಣ್ಣ ಯಾಕ್ ಬಳೀಲಿಲ್ಲ ಯಜಮಾನ್ರೇ?” ಎಂದು ಮೇಡಂ ಕೇಳಿದರೆ, ಅವರು ಬೀಡಿ ಹಚ್ಚಿಕೊಂಡು, “ಉಲ್ಲು ಯಾರಿಗ್ ಬೇಕವ್ವಾ ಈಗ? ಇನ್ ನಾಕು ಕುರಿ ಅವೆ, ನಾನಿರಾಗಂಟ. ಆಮ್ಯಾಕೆ ಅವೂ ಇಲ್ಲ” ಎಂದರು.

ಆ ಉತ್ತರ ಮೇಡಂಗೆ ಮುಳ್ಳಾಯಿತು. ಅಂದು ಹಿಂದಿರುಗುವ ಬಸ್ಸಿನಲ್ಲಿ ಡ್ರೈವರನಿಂದ ಕಂಡಕ್ಟರನವರೆಗೂ ಓಡಾಡಿದರು. “ನೆತ್ತಿ ಮೇಲೆ ಗೇಣುದ್ದ ಮಣ್ಣಿಲ್ಲ ಪಂಡಿತರೇ. ಮಡಕೆಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ ಆ ಹುಲ್ಲು ಮಳೆನ ಹಿಡ್ಕೊಂಡಿದೆ. ಅದಿರೋದ್ರಿಂದ ದೊಣೆ, ದೊಣೆ ಇರೋದ್ರಿಂದ ಕೊರಕಲಿನ ಮರ. ಹುಲ್ಲು ಹೋದ್ರೆ ಎಲ್ಲಾ ಹೋಯ್ತು.” ಸಂತೆಯಿಂದ ಮರಳುತ್ತಿದ್ದವರು ತಮ್ಮ ಕೋಳಿಗಳನ್ನು ಅವಚಿಕೊಂಡು ಈ ಭಾಷಣವನ್ನು ಕೇಳಿದರು.

ಕೇಡು ಬಂದದ್ದು ಕುರಿಯಿಂದಲ್ಲ, ನಮ್ಮವರಿಂದ. ಕಾರ್ಖಾನೆಯ ವೆಲ್‌ಫೇರ್ ಸಮಿತಿ ವನಮಹೋತ್ಸವಕ್ಕೆ ಒಂದು ಬೆಟ್ಟ ದತ್ತು ತೆಗೆದುಕೊಳ್ಳಲು ತೀರ್ಮಾನಿಸಿತು. ಮೇಡಂ ವಾರ ವಾರ ಹೋಗುತ್ತಾರಲ್ಲ, ಅದೇ ಆಗಲಿ ಎಂದರು. ನೆತ್ತಿಯ ತುಂಬ ನೀಲಗಿರಿ ನೆಡುವುದು ಯೋಜನೆ. ಮೇಡಂ ಅವರನ್ನು ಸಭೆಗೆ ಕರೆದರು. ಜೊತೆಗೆ ನಾನೂ ಹೋದೆ.

“ಅಂಥ ಬೋಳು ಬೆಟ್ಟ ಬಿಟ್ಟಿರೋದು ನಾಚಿಕೆಗೇಡು ಅಲ್ವಾ ಮೇಡಂ?” ಎಂದು ವೆಲ್‌ಫೇರ್ ಆಫೀಸರು ಮುಗುಳ್ನಕ್ಕರು.

“ಬೋಳಲ್ಲ ಸಾರ್. ಹುಲ್ಲಿದೆ.”

“ಹುಲ್ಲು ಫೋಟೋದಲ್ಲಿ ಕಾಣಲ್ಲ ಮೇಡಂ.”

ಮೇಡಂ ಎದ್ದರು ಎನ್ನುವಂತಿಲ್ಲ, ಕೂತೇ ಇರಲಿಲ್ಲ. ಮೇಜಿನ ಸುತ್ತ ನಡೆಯುತ್ತ ಮಾತಾಡಿದರು. ಅಧಿಕಾರಿಗಳ ಕತ್ತುಗಳು ಶಟಲ್ ಆಟ ನೋಡುವವರಂತೆ ಆ ಕಡೆಗೂ ಈ ಕಡೆಗೂ ತಿರುಗಿದವು. ಮರ ಬೇಕಾದರೆ ಕೊರಕಲಿನಲ್ಲಿ ಜಾಗವಿದೆ, ಅಲ್ಲಿ ಹೊಂಗೆ ಹಾಕಿ, ನೇರಳೆ ಹಾಕಿ, ನೆತ್ತಿ ಮುಟ್ಟಬೇಡಿ ಎಂದು ಬೇಡಿಕೊಂಡರು. ಹಳ್ಳಿಯ ಪರವಾಗಿ ಬಂದಿದ್ದ ಚಿಕ್ಕಹನುಮಯ್ಯನವರೂ ನೀಲಗಿರಿಗೇ ಕೈಯೆತ್ತಿದರು. “ಬೇಗ ಬೆಳೀತದಂತೆ, ತೊಲೆಗಾಯ್ತದಂತೆ. ಬ್ಯಾಡ ಅನ್ನಕ್ಕೆ ನಾವ್ಯಾರು?” ಮೇಡಂ ಒಬ್ಬರೇ ಉಳಿದರು. ಹಸಿರು ಮಾಡುವ ಕೆಲಸಕ್ಕೆ ಅಡ್ಡಗಾಲು ಹಾಕಿದ ಜೀವಶಾಸ್ತ್ರದ ಟೀಚರ್ ಎಂದು ಕಾಲೊನಿಯ ತರಕಾರಿ ಅಂಗಡಿಯವರೆಗೂ ಸುದ್ದಿಯಾಯಿತು.

ಮುಂದೆ ನಡೆದದ್ದು ನಮ್ಮ ಕಾರ್ಖಾನೆಯವರಿಂದ ಮಾತ್ರ ಸಾಧ್ಯವಾಗುವಂಥ ಕೆಲಸ. ಗುಂಡಿಗಳಿಗೆ ಡ್ರಾಯಿಂಗ್ ತಯಾರಾಯಿತು. ಎಲ್ಲ ಗುಂಡಿಗೂ ಒಂದೇ ಆಳ, ಒಂದೇ ಅಗಲ. ಅಳೆಯಲು ಇನ್‌ಸ್ಪೆಕ್ಷನ್ ವಿಭಾಗದವರು ಕಬ್ಬಿಣದ ಗೇಜನ್ನೇ ಮಾಡಿಸಿ ತಂದರು. ಗೇಜ್ ಇಳಿದರೆ ಪಾಸು, ಇಳಿಯದಿದ್ದರೆ ರಿಜೆಕ್ಟ್. ನೆತ್ತಿಯಲ್ಲಿ ಹುಲ್ಲು ಕೆತ್ತಿ ಅಗೆದರೆ ಗೇಣಿಗೇ ಬಂಡೆ ತಗಲುತ್ತಿತ್ತು. ಹೆಚ್ಚುಕಡಿಮೆ ಎಲ್ಲ ಗುಂಡಿಯೂ ರಿಜೆಕ್ಟ್. ಬೇರೆ ಊರಿನವರಾಗಿದ್ದರೆ ಇಲ್ಲಿ ಗಿಡ ಬರುವುದಿಲ್ಲ ಎಂದು ಕೈಬಿಡುತ್ತಿದ್ದರು. ನಮ್ಮವರು ಡ್ರಾಯಿಂಗ್ ತಪ್ಪುವವರಲ್ಲ. ಕೆಳಗೆ ಆಳ ಸಿಗದಿದ್ದರೆ ಮೇಲಕ್ಕೆ ಎತ್ತರಿಸೋಣ ಎಂದು ಕೊರಕಲಿನ ಕಪ್ಪು ಮಣ್ಣನ್ನು, ಜಾಲಾರಿ ಬೇರುಗಳ ಸಂದಿನಿಂದ ಅಗೆದು, ಮಂಕರಿಗಳಲ್ಲಿ ಹೊತ್ತು, ನೆತ್ತಿಯ ಮೇಲೆ ದಿಬ್ಬ ಹಾಕಿ, ದಿಬ್ಬದೊಳಗೆ ಗುಂಡಿ ಮಾಡಿದರು. ಗೇಜ್ ಸಲೀಸಾಗಿ ಇಳಿಯಿತು. ಎಲ್ಲ ಪಾಸು! ಸಸಿಗಳು ಕವಾಯಿತಿಗೆ ನಿಂತಂತೆ ಸಾಲಾಗಿ ನಿಂತವು. ಫೋಟೋ ಚೆನ್ನಾಗಿ ಬಂತು.

ಮೂರ್ತಿಯವರಿಗೆ ಕೂಡ ಆ ದಿನ ಗೇಜ್ ಹಿಡಿಯುವ ಡ್ಯೂಟಿ ಬಿದ್ದಿತ್ತು. ಸಂಜೆ ಮನೆಯಲ್ಲಿ ಮೇಡಂ ಅವರನ್ನು ಬೈಯಲಿಲ್ಲವಂತೆ. “ಕೈ ತೊಳ್ಕೊಳ್ಳಿ, ಮಣ್ಣಿದೆ” ಎಂದಷ್ಟೇ ಅಂದರಂತೆ. ಮೂರ್ತಿಯವರು ಇದನ್ನು ನನಗೆ ಹೇಳುವಾಗ ನೆಲ ನೋಡುತ್ತಿದ್ದರು.

ಆ ಸಲ ಮುಂಗಾರು ಒದ್ದುಕೊಂಡು ಬಂತು. ಮಳೆ ಬಿಡುವು ಕೊಟ್ಟ ಮೊದಲ ಭಾನುವಾರ ನಾವಿಬ್ಬರೂ ಹತ್ತಿದೆವು. ನೆತ್ತಿಯ ದಿಬ್ಬಗಳು ಕರಗಿ ಹೋಗಿದ್ದವು. ಸಸಿಗಳು ಬೇರು ಮೇಲೆ ಮಾಡಿಕೊಂಡು ಅಡ್ಡಬಿದ್ದಿದ್ದವು. ದೊಣೆಯಲ್ಲಿ ನೀರಿರಲಿಲ್ಲ. ಅಂಚಿನವರೆಗೂ ಕೆಸರು. ಮೇಡಂ ನಿಂತುಬಿಟ್ಟರು. ಆಮೇಲೆ ಮಂಡಿಯೂರಿ, ಮೊಣಕೈವರೆಗೂ ಕೆಸರಿಗೆ ಕೈ ಹಾಕಿ ತಳ ಹುಡುಕಿದರು. ಸಿಗಲಿಲ್ಲ. ಅವರು ಅತ್ತರು. ನನಗೆ ಸಮಾಧಾನ ಮಾಡುವ ವಿದ್ಯೆ ಬಾರದು. ಚೌಕ ಹಿಡಿದು ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, “ಇದು ಕೊರಕಲಿನ ಮಣ್ಣು. ಅದರ ಮನೆಗೆ ವಾಪಸ್ ಕಳಿಸ್ಬೇಕು. ನಡೀರಿ” ಎಂದರು. ಆ ‘ನಡೀರಿ’ಯಲ್ಲಿ ಮತ್ತೆ ಹಳೆಯ ಮೇಡಂ ಇದ್ದರು.

ಮಾರನೆಯ ದಿನ ಟೀ ವಿರಾಮದಲ್ಲಿ ಇನ್‌ಸ್ಪೆಕ್ಷನ್ ವಿಭಾಗದವರ ಮುಂದೆ ಹೋಗಿ ನಿಂತರು. ನಾ ಹೇಳಿರಲಿಲ್ಲವೇ ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. “ನೀವು ಪಾಸ್ ಮಾಡಿದ ಮಾಲು ಫೀಲ್ಡಲ್ಲಿ ಫೇಲಾಗಿದೆ. ಬಂದು ನೋಡ್ತೀರಾ?” ಎಂದಷ್ಟೇ ಕೇಳಿದರು. ಇನ್‌ಸ್ಪೆಕ್ಷನ್‌ನವರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಮುಂದಿನ ಭಾನುವಾರ ತಂಡವೇ ಬಂತು. ದೊಣೆಯನ್ನು ನೋಡಿದರು. ಮೂರ್ತಿಯವರು ಪ್ಯಾಂಟು ಮಡಚಿ ಮೊದಲು ಕೆಸರಿಗಿಳಿದರು. ಆ ಮಳೆಗಾಲವೆಲ್ಲ ಬಿಡುವಾದಾಗಲೆಲ್ಲ ಮಂಕರಿಗಳು ಕೈಯಿಂದ ಕೈಗೆ ಇಳಿದು, ಮಣ್ಣು ಕೊರಕಲಿಗೆ ಮರಳಿತು. ಅದು ಮತ್ತೆ ಜಾರದಂತೆ ಅಡ್ಡಕ್ಕೆ ಕಲ್ಲು ಜೋಡಿಸಿದರು. ಅಲ್ಲಿ ಹೊಂಗೆ, ನೇರಳೆ ನೆಟ್ಟರು. ಗೇಜ್ ಯಾರೂ ತರಲಿಲ್ಲ.

ಒಂದು ದಿನ ಚಿಕ್ಕಹನುಮಯ್ಯನವರೂ ಗುದ್ದಲಿ ಹಿಡಿದು ಬಂದರು. ದೊಣೆ ಮುಚ್ಚಿ ಅವರ ಕುರಿಗಳು ಬಾಯಾರಿದ್ದವು. “ಮಕ್ಳು ಪೀಣ್ಯಕ್ಕೋಗಿ ದುಡಿತಾವೆ, ಸರಿ. ಕುರಿ ಪೀಣ್ಯಕ್ಕೋಗಿ ನೀರ್ ಕುಡಿಯಕಾಯ್ತದಾ?” ಎಂದು ತಮ್ಮನ್ನು ತಾವೇ ಬೈದುಕೊಂಡರು.

ವೆಲ್‌ಫೇರ್ ಸಮಿತಿಯ ಎರಡನೆಯ ಸಭೆಯಲ್ಲಿ ಮೇಡಂ ಹುಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ. “ನಿಮ್ಮ ಮೆಷಿನ್‌ಗಳಿಗೆ ಸರದಿ ಮೇಲೆ ಶಟ್‌ಡೌನ್ ಕೊಡ್ತೀರಲ್ಲ ಸಾರ್, ಯಾಕೆ?” ಎಂದು ಕೇಳಿದರು.

“ಮೇಂಟೆನೆನ್ಸ್‌ಗೆ. ಕೊಡದಿದ್ರೆ ಕೆಟ್ಟುಹೋಗುತ್ತೆ.”

“ಬೆಟ್ಟಕ್ಕೂ ಅಷ್ಟೇ ಸಾರ್. ಒಂದೊಂದ್ವರ್ಷ ಒಂದೊಂದು ಮಗ್ಗಲು ಶಟ್‌ಡೌನ್. ಹಳ್ಳಿಯವರ ಹತ್ರ ಶೆಡ್ಯೂಲ್ ಮೊದಲಿಂದ್ಲೂ ಇದೆ. ಒಂದು ಡಬ್ಬ ಸುಣ್ಣ ಸಾಕು.”

ಒಪ್ಪಿದರು. ಆದರೂ ಗೆದ್ದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ನೆತ್ತಿಯ ಪಡುವಣ ಮಗ್ಗಲಿನಲ್ಲಿ ಮಣ್ಣು ಕೊಂಚ ಆಳವಿದ್ದ ಕಡೆ ನೀಲಗಿರಿ ಹಿಡಿದುಕೊಂಡಿತ್ತು. ಅದನ್ನು ಕೀಳಲು ಯಾರೂ ಬಿಡಲಿಲ್ಲ. ಮೇಡಂ ಪ್ರತಿ ಸಲ ಅಲ್ಲಿಗೆ ಹೋಗಿ ಚೌಕ ಎಸೆದು, ತರಗೆಲೆಯಲ್ಲಿ ಕೆದಕಿ, ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದರು. ಹೀಗೇ ವರ್ಷಗಳು ಹೋದವು. ಶಾಲೆಯ ತಾರಸಿಯಿಂದ ಬೆಟ್ಟ ಕಾಣುವ ದಿನಗಳು ಕಡಿಮೆಯಾದವು. ಪೀಣ್ಯ ದಿನೇ ದಿನೇ ಉಬ್ಬುತ್ತಿತ್ತು.

ಎಷ್ಟೋ ವರ್ಷ ಬಂಡೆಗೆ ಊರಿದ ಮಂಡಿಗಳು ಕೊನೆಗೆ ಸೇಡು ತೀರಿಸಿಕೊಂಡವು. ಎಂಬತ್ತರ ದಶಕದ ನಡುವೆ ಮೇಡಂ ತಾರಸಿ ಹತ್ತುವುದು ನಿಂತಿತು. ಮೂರ್ತಿಯವರು ನಿವೃತ್ತರಾಗಿ, ಇಬ್ಬರೂ ಚಿತ್ರದುರ್ಗಕ್ಕೆ ಹೋಗುವುದೆಂದಾಯಿತು. ಹೊರಡುವ ಮೊದಲು ಒಂದು ಸಲ ಬೆಟ್ಟಕ್ಕೆ ಹೋಗಲೇಬೇಕೆಂದು ಹಟ ಹಿಡಿದರು. ಆ ದಿನ ಬಸ್ಸಿನಲ್ಲಿ ಕಂಡಕ್ಟರ್ ಸೀಟು ಕೊಟ್ಟಾಗ ಮೇಡಂ ಕೂತರು. ನಾನು ಕಿಟಕಿಯ ಹೊರಗೆ ನೋಡಿದೆ.

ಮೂಡಣ ಮಗ್ಗಲಿನ ಬುಡದಲ್ಲಿದ್ದ ಒಂದು ಕಲ್ಲಿನ ಮೇಲೆ ಅವರನ್ನು ಕೂರಿಸಿದೆ. “ಪಡುವಣ ಮಗ್ಗಲಿಗೆ ಹೋಗಿ ಎಸೀರಿ. ಕಣ್ಮುಚ್ಚಿ” ಎಂದರು.

ಹತ್ತಿದೆ. ನೀಲಗಿರಿಯ ಅಂಚಿನಲ್ಲಿ ನಿಂತೆ. ಎಡಕ್ಕೆ ಹುಲ್ಲು ತೂಗುತ್ತಿತ್ತು. ನಾಲ್ಕು ಹೆಜ್ಜೆ ಆಚೆ ಎಸೆದು ಒಳ್ಳೆಯ ಸುದ್ದಿ ಒಯ್ಯಬಹುದಿತ್ತು. ಹೋಗುವವರಿಗೆ ಅಷ್ಟೂ ಮಾಡಬಾರದೇ ಎಂದು ಮನಸ್ಸು ತುಯ್ದಾಡಿತು. ಆದರೆ ಆ ಹೆಂಗಸಿಗೆ ಸುಳ್ಳು ಚೌಕ ಒಪ್ಪಿಸಿ ನಾನು ಯಾವ ಮುಖ ಹೊತ್ತು ಇಳಿಯಲಿ? ಕಣ್ಣು ಮುಚ್ಚಿ ಎಸೆದೆ. ಮಂಡಿಯೂರಿ, ಎಲೆ ಎಲೆ ಎತ್ತಿ ನೋಡಿದೆ.

“ಏನಿತ್ತು?” ಎಂದರು, ನಾನು ಇಳಿದು ಬರುತ್ತಿದ್ದಂತೆ.

“ತರಗೆಲೆ ಮೇಡಂ. ಬರೀ ತರಗೆಲೆ.”

“ಮೊಣಕಾಲೂರಿದ್ರಾ?”

“ಊರಿದೆ. ಏನೂ ಇಲ್ಲ.”

ಏನೂ ಇಲ್ಲ ಎಂಬ ನನ್ನ ಮಾತನ್ನು ಅವರು ಒಪ್ಪಿಕೊಂಡದ್ದು ಅದೇ ಮೊದಲು. ಸುಮ್ಮನೆ ತಲೆಯಾಡಿಸಿದರು. ಆಮೇಲೆ, “ದೊಣೆ?” ಎಂದರು.

“ನೀರಿದೆ. ತಳ ಕಾಣೋ ಹಾಗಿದೆ. ಮೂಡಣ ಮಗ್ಗಲಲ್ಲಿ ಒಂದು ಕುರಿಯೂ ಇಲ್ಲ.”

“ಹೌದಾ? ಯಾಕೆ?”

ಅವರು ಕೂತಿದ್ದ ಕಲ್ಲನ್ನು ತೋರಿಸಿದೆ. ಮೇಡಂ ಕಷ್ಟಪಟ್ಟು ಎದ್ದು ತಿರುಗಿ ನೋಡಿದರು. ಮಂಡಿ ನೋವಿನಲ್ಲಿ ಕೂರುವಾಗ ಅವರು ಗಮನಿಸಿರಲಿಲ್ಲ, ಕಲ್ಲಿಗೆ ಹೊಸ ಸುಣ್ಣ. ಅವರ ಸೀರೆಗೂ ಮೆತ್ತಿಕೊಂಡಿತ್ತು. ಚಿಕ್ಕಹನುಮಯ್ಯನವರು ತೀರಿಕೊಂಡು ಆಗಲೇ ಎರಡು ಬೇಸಿಗೆ ಕಳೆದಿತ್ತು. ಪೀಣ್ಯಕ್ಕೆ ಹೋಗುವ ಅವರ ಮಗ ಯಾವುದೋ ಪಾಳಿ ಮುಗಿಸಿ ಬಂದು ಬಳಿದಿರಬೇಕು. ಯಾರೂ ಹೇಳಿರಲಿಲ್ಲ, ಸಮಿತಿ ಯಾವಾಗಲೋ ಮರೆತಿತ್ತು.

ಮೇಡಂ ಸೀರೆಯ ಸುಣ್ಣವನ್ನು ಕೊಡವಲಿಲ್ಲ. “ಬೆಟ್ಟ ಕೂತಿಲ್ಲ ಪಂಡಿತರೇ. ನಾನ್ ಕೂತ್ಬಿಟ್ಟೆ, ಅಷ್ಟೆ” ಎಂದು ನಕ್ಕರು. ಆ ಬಿಳಿಯ ಗುರುತು ಹೊತ್ತುಕೊಂಡೇ ಬಸ್ಸು ಹತ್ತಿದರು.

ಮುಂದಿನ ವರ್ಷ ಚಿತ್ರದುರ್ಗದಿಂದ ಮೂರ್ತಿಯವರು ಮೇಡಂ ತೀರಿಕೊಂಡ ಸುದ್ದಿ ಕಳಿಸಿದರು. ನಾನು ಅಳಲಿಲ್ಲ. ಶಾಲೆಯ ತಾರಸಿ ಹತ್ತಿ ಪಶ್ಚಿಮಕ್ಕೆ ನೋಡಿದೆ. ಅಂದು ಹೊಗೆಯಿತ್ತು.

ನನಗೂ ಈಗ ನಿವೃತ್ತಿಯಾಗಿದೆ. ಭಾನುವಾರ ಹುಳಿ-ಅನ್ನ ಉಂಡು, ಅಭ್ಯಾಸ ಬಿಡದೆ, ಚಾಪೆ ಹಾಸಿ ಮಲಗುತ್ತೇನೆ. ಫ್ಯಾನು ತಿರುಗುತ್ತದೆ, ಬೀದಿ ಸದ್ದಿಲ್ಲದೆ ಇರುತ್ತದೆ, ಎಲ್ಲವೂ ನಿದ್ದೆಗೆ ಹೇಳಿಮಾಡಿಸಿದಂತೆ ಇರುತ್ತದೆ. ನಿದ್ದೆ ಬರುವುದಿಲ್ಲ. ಎದ್ದು ಕುರ್ಚಿಯಲ್ಲಿ ಕೂರುತ್ತೇನೆ. ಅಲ್ಲೂ ಆಗುವುದಿಲ್ಲ. ಈ ವರ್ಷ ಸುಣ್ಣ ಯಾವ ಮಗ್ಗಲಿಗೆ ಬಿತ್ತೋ ಎಂದುಕೊಂಡು ಚಪ್ಪಲಿ ಹುಡುಕುತ್ತೇನೆ.